ದೊಡ್ಡವ್ವನ ಹೊಲದ ಟ್ರ್ಯಾಕ್ಟರ್ ಓಟ

ಮೊದಲ ಮಳೆಗೆ ತೊಯ್ದ ಎರೆಮಣ್ಣಿನ ವಾಸನೆಗೆ ಡೀಸೆಲ್ ಹೊಗೆ ಬೆರೆತರೆ ಬೇರೆಯವರಿಗೆ ಏನನ್ನಿಸುತ್ತದೋ ಗೊತ್ತಿಲ್ಲ. ನನಗಂತೂ ಬಾಜೂ ಮನೆಯ ದೊಡ್ಡವ್ವ ನೆನಪಾಗುತ್ತಾಳೆ. ನಿನ್ನೆ ಮೊರಬದ ರಸ್ತೆಯಲ್ಲಿ ಅದೇ ವಾಸನೆ ಮೂಗಿಗೆ ಬಡಿಯಿತು. ಹಾಳಾದ ಮೊಣಕಾಲು ಬೇರೆ, ಇನ್ನೂ ಅರ್ಧ ದಾರಿ ಬಾಕಿ… ಅಲ್ಲೇ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಎದುರಿಗಿದ್ದದ್ದು ಆಕೆಯದೇ ಹೊಲ. ಒಂದು ಕಾಲಕ್ಕೆ ಪ್ರತಿ ಬೇಸಿಗೆ, ಕಡಲೆ ಕಿತ್ತ ಮೇಲೆ, ಅಲ್ಲಿ ಸುಣ್ಣದ ಗೆರೆ ಎಳೆದು ಟ್ರೇಲರ್ ಕಳಚಿದ ಟ್ರ್ಯಾಕ್ಟರುಗಳನ್ನು ಸುತ್ತು ಓಡಿಸುತ್ತಿದ್ದರು. ತಿರ್ಲಾಪುರದಿಂದಲೂ ಜನ ಬಂದು ಒಡ್ಡಿನ ಮೇಲೆ ಸಾಲಾಗಿ ಕೂರುತ್ತಿದ್ದರು. ದೊಡ್ಡವ್ವ ಎಲ್ಲರನ್ನೂ ಬೈಯುತ್ತ, ಬೈಯುತ್ತಲೇ ಮಜ್ಜಿಗೆ ಕೊಡುತ್ತಿದ್ದಳು. ಆಕೆಯದು ಒಂದೇ ಕರಾರು: ಮಳೆ ಬಿದ್ದರೆ ಓಟ ಬಂದ್. ನಮ್ಮ ಎರೆಮಣ್ಣು ಹೇಳಿದ ಮಾತು ಕೇಳುವ ಮಣ್ಣಲ್ಲ. ಹಸಿ ಇದ್ದಾಗ ಗಾಲಿ ಇಳಿಸಿದರೆ ಕಲ್ಲಿನಂಥ ಹೆಂಟೆಯಾಗಿ, ಆ ವರ್ಷದ ಬಿತ್ತನೆಯೇ ಹೋಗುತ್ತದೆ. ಹಸಿ ಹೊಲದಲ್ಲಿ ನಾಯಿ ಅಡ್ಡ ಹಾಯ್ದರೂ ಕಲ್ಲು ಬೀಸುತ್ತಿದ್ದ ಹೆಂಗಸು ಆಕೆ!

ಆಕೆಯ ಗಂಡ ತೀರಿಕೊಂಡ ವರ್ಷ ಮಗ ಮಾತೇ ಬಿಟ್ಟಿದ್ದ. ಉಣ್ಣು ಅಂದರೆ ಉಣ್ಣುವನು, ಮಲಗು ಅಂದರೆ ಮಲಗುವನು, ಅಷ್ಟೇ. ಓಟಕ್ಕೆ ಮಾತ್ರ ಯಾರೂ ಹೇಳದೆಯೇ ಅಪ್ಪನ ಟ್ರ್ಯಾಕ್ಟರ್ ತಂದ. ಗೆದ್ದೂ ಗೆದ್ದು ಕಡೆಯ ಓಟದವರೆಗೆ ಬಂದ. ಆಗಲೇ ಮಳೆ ಹಿಡಿಯಿತು. ಎಲ್ಲರೂ ದೊಡ್ಡವ್ವನ ಮುಖ ನೋಡಿದರು. ಆಕೆ ಮಗನ ಮುಖ ನೋಡಿದಳು.

“ಓಡಸ್ರಿ,” ಅಂದಳು.

“ದೊಡ್ಡವ್ವಾ, ಬಿತ್ತೂದು ಹೆಂಗಬೇ?” ಅಂದೆ.

“ಹೊಲ ಮುಂದಿನ ವರ್ಷಾನೂ ಇರತೈತಿ ಬಿಡಲೇ. ಈ ಹುಡುಗ ಹಿಂಗಾ ಉಳದ್ರ ನಾ ಏನ್ ಮಾಡ್ಲಿ?”

ಅರ್ಧ ಸುತ್ತಿಗೇ ಟ್ರ್ಯಾಕ್ಟರುಗಳೆಲ್ಲ ಹೂತುಕೊಂಡವು. ಎಳೆಯಲು ಹೋದದ್ದೂ ಹೂತಿತು. ಮಗ ಮೈಯೆಲ್ಲ ಕೆಸರು ಮಾಡಿಕೊಂಡು ಸ್ಟೇರಿಂಗಿನ ಮೇಲೆ ಬಿದ್ದು ಬಿದ್ದು ನಕ್ಕ. ಒಡ್ಡಿನ ಮೇಲೆ ನಿಂತಿದ್ದ ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ವರ್ಷ ಹೊಲ ಬೀಳು ಬಿತ್ತು. ಮುಂದಿನ ಬೇಸಿಗೆಗೆ ಮತ್ತೆ ಹೊಲ ಕೇಳಲು ಯಾರಿಗೂ ಮುಖವಿರಲಿಲ್ಲ. ಓಟ ಹಾಗೇ ನಿಂತುಹೋಯಿತು…

ದೊಡ್ಡವ್ವ ಹೋಗಿ ಎರಡು ಮಳೆಗಾಲ ಕಳೆದವು. ಬೈಯುವವರಿಲ್ಲದ ಓಣಿ ನನಗೆ ಸಾಕಾಗಿಹೋಗಿದೆ. ನಿನ್ನೆ ಒಡ್ಡಿನ ಬಾಜೂ ಹೊಗೆ ಬಿಡುತ್ತ ನಿಂತಿದ್ದ ಟ್ರ್ಯಾಕ್ಟರಿನ ಮೇಲೆ ಇದ್ದವನು ಆಕೆಯ ಮಗನೇ. ಅವನ ತಲೆಯೂ ನೆರೆತಿದೆ.

“ಯಾಕ್ಲೇ ತಮ್ಮಾ, ಹೊಲಕ್ಕ ಇಳಸೂದಿಲ್ಲೇನ?” ಅಂದೆ.

“ಇನ್ನಾ ಹಸಿ ಐತಣ್ಣಾ. ಅವ್ವ ಬೈತಾಳ.”

ಅಂದವನೇ ಎಂಜಿನ್ ಬಂದ್ ಮಾಡಿದ. ಇಬ್ಬರೂ ಆ ಖಾಲಿ ಒಡ್ಡಿನ ಕಡೆ ನೋಡುತ್ತ ಕೂತೆವು.