ಗೌಂಡಿ ಅಜ್ಜ ಬಿಟ್ಟ ಕಿಂಡಿಗಳು

ಗೌಂಡಿ ಅಜ್ಜನ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಗೋಡೆ ಕಟ್ಟುವ ಕೆಲಸದ ಸುಣ್ಣ, ಸಿಮೆಂಟು ಅವನ್ನೆಲ್ಲ ತಿಂದು ಹಾಕಿದ್ದವು. ಸೊಸಾಯಿಟಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಬೊಟ್ಟು ಮೂಡುತ್ತಿತ್ತು. ಅಲ್ಲಿಯ ಗುಮಾಸ್ತ ತಕರಾರು ತೆಗೆದರೆ, "ಊರಾಗ ಯಾರ ಮನಿ ಗ್ವಾಡಿ ಬೇಕಾದ್ರೂ ಮುಟ್ಟಿ ನೋಡ್ರಿ ಸಾಹೇಬ್ರ, ನನ್ನ ಗೆರಿ ಅಲ್ಲೇ ಅದಾವು" ಎನ್ನುತ್ತಿದ್ದ.

ನಮ್ಮದು ಭೋಜದ ಹತ್ತಿರದ ಹಳ್ಳಿ. ನಾನು ಸಣ್ಣವಳಿದ್ದಾಗ ಅಲ್ಲಿ ಹೊಸ ಮನೆ ಕಟ್ಟಿಸಿದವರು ಕಡಿಮೆ, ಇದ್ದ ಮನೆಯ ನಡುವೆ ಗೋಡೆ ಹಾಕಿಸಿದವರೇ ಹೆಚ್ಚು. ತಂಬಾಕಿನ ಹೊಲ ಅಷ್ಟೇ ಇತ್ತು, ಮನೆಯೂ ಅಷ್ಟೇ ಇತ್ತು. ಹುಟ್ಟಿದ ಮಕ್ಕಳು ಮಾತ್ರ ಈಗ ಎಲ್ಲರೂ ಬದುಕಿ ಉಳಿಯುತ್ತಿದ್ದರು. ನಮ್ಮಲ್ಲಿ ಅಪ್ಪನಿಗೆ ಐದು ಮಕ್ಕಳು, ಕಾಕಾನಿಗೂ ಐದು. ಹಾಸಿಗೆ ಹಾಸಿದ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ.

೧೯೮೫ರ ದೀಪಾವಳಿ ಮುಗಿದ ಮೇಲೆ ಗೌಂಡಿ ಅಜ್ಜ ನಮ್ಮ ಮನೆ ಒಡೆದು ಎರಡು ಮಾಡಲು ಬಂದ. "ಇಂದು ಗೋಡೆ ಸೊಂಟದ ಮಟ್ಟ ಬಂತು" ಎಂದು ನನ್ನ ದಿನಚರಿಯಲ್ಲಿದೆ. ಅಡುಗೆಮನೆಯಲ್ಲಿ ಗೋಡೆ ಎದೆಮಟ್ಟಕ್ಕೆ ಏರಿದಾಗ ಅವನು ಅವ್ವನಿಂದ ಒಂದು ಊಟದ ಗಂಗಾಳ ಇಸಿದುಕೊಂಡ. ಅದನ್ನು ಗೋಡೆಯ ಮೇಲಿಟ್ಟು, ಅದು ಹಾಯುವಷ್ಟು ಜಾಗ ಬಿಟ್ಟು ಇಟ್ಟಿಗೆ ಜೋಡಿಸತೊಡಗಿದ. ಅಪ್ಪನಿಗೆ ಸಿಟ್ಟು ಬಂತು.

"ಅಜ್ಜಾ, ಬ್ಯಾರೆ ಆಗಾಕಂತ ಗ್ವಾಡಿ ಹಾಕಸಾಕತ್ತೇವಿ. ಇದೇನ ತೂತು?"

"ಗ್ವಾಡಿ ನಂದು, ಕಿಂಡಿ ನಿಮ್ಮದು. ಮುಚ್ಚೂದಿದ್ರ ನೀವ ಮುಚ್ಚಕೋರಿ. ಅದಕ್ಕ ಮಾತ್ರ ನನ್ನ ಕರೀಬ್ಯಾಡ್ರಿ, ಬರಾಂಗಿಲ್ಲ."

ಊರಿನಲ್ಲಿ ಯಾರ ಮನೆ ಒಡೆದರೂ ಅವನದು ಇದೇ ಪದ್ಧತಿ, ಇದೇ ಮಾತು. ನಮ್ಮಲ್ಲಿ ಆ ವಾರವೆಲ್ಲ ಅಪ್ಪ, ಕಾಕಾ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೊಂದು ಮಧ್ಯಾಹ್ನ ಕಿಂಡಿಯಲ್ಲಿ ಕಾಕಿಯ ಬಳೆಗೈ ಕಾಣಿಸಿತು. ಕೈಯಲ್ಲಿ ಬಿಸಿ ಝುಣಕದ ಗಂಗಾಳವಿತ್ತು. ಅವ್ವ ಬೀಡಿ ಎಲೆ ತರಲು ನಿಪ್ಪಾಣಿಗೆ ಹೋದ ದಿನಗಳಲ್ಲಿ ನಾನು ಹಸಿದು ಶಾಲೆಗೆ ಹೋಗಲಿಲ್ಲ ಎಂದರೆ ಅದು ಆ ಕಿಂಡಿಯ ಋಣ.

ಲೆಕ್ಕ ಇಡುವುದು ನನ್ನ ಚಟ. ಪ್ರತಿ ದಸರೆಯ ಸೂಟಿಯಲ್ಲಿ ಯಾರ ಮನೆಯ ಕಿಂಡಿ ತೆರೆದಿದೆ, ಯಾರದು ಮುಚ್ಚಿದೆ ಎಂದು ನೋಡಿ ಬರುತ್ತಿದ್ದೆ. ಹುಡುಗಿಯಾದ್ದರಿಂದ ಎಲ್ಲರ ಅಡುಗೆಮನೆಗೂ ನುಗ್ಗಬಹುದಿತ್ತು. ಅಜ್ಜ ಕಟ್ಟೆಯ ಮೇಲೆ ಕಾಯುತ್ತ ಕೂತಿರುತ್ತಿದ್ದ.

"ಎಷ್ಟ ಉಳದಾವ ಬೇ?"

"ಹನ್ನೊಂದು, ಅಜ್ಜಾ. ಮ್ಯಾಲಿನ ಓಣ್ಯಾಗಿಂದು ಒಂದ ಮುಚ್ಯಾರ. ಅಣ್ತಮ್ಮರ ಹೆಂಡ್ರು, ನೆಗೆಣ್ಣಿ ನೆಗೆಣ್ಣಿ, ಜಗಳಾಡ್ಯಾರ."

"ಜಗಳಾಡಿದ್ರ ಅಡ್ಡಿಯಿಲ್ಲ ಬಿಡು. ಜಗಳಾಡೂ ಮಂದಿ ಮತ್ತ ತಗೀತಾರ."

ಅವನಿಗೂ ಇಬ್ಬರು ಗಂಡುಮಕ್ಕಳು. ೧೯೯೧ರಲ್ಲಿ ಅವರ ನಡುವೆಯೂ ಗೋಡೆ ಬೇಕಾಯಿತು. ತಾನೇ ಕಟ್ಟಿದ, ಕಿಂಡಿ ಬಿಟ್ಟ, ಕಿರಿಯವನ ಕಡೆ ಉಳಿದ. ಪಾಲಿಗೆ ಬಂದ ತುಂಡು ಹೊಲದಲ್ಲಿ ಹೊಟ್ಟೆ ತುಂಬದೆ ಹಿರಿಯವನು ಮರುವರ್ಷವೇ ಹೆಂಡತಿ ಮಕ್ಕಳೊಂದಿಗೆ ಇಚಲಕರಂಜಿಯ ಮಗ್ಗಕ್ಕೆ ಹೋದ. ತನ್ನ ಪಾಲಿನ ಮನೆಗೆ ಕೀಲಿ ಜಡಿದ. ಈಚೆ ಕಿರಿಯವನ ಮಕ್ಕಳು ಒಬ್ಬರ ಮೇಲೊಬ್ಬರು ಮಲಗುತ್ತಿದ್ದರು, ಆಚೆ ಅಷ್ಟೇ ಜಾಗ ಕತ್ತಲಲ್ಲಿ ಖಾಲಿ ಬಿದ್ದಿತ್ತು. ಕಿಂಡಿಯಿಂದ ಇಲಿಗಳು ಬರತೊಡಗಿದವು.

"ಮಾಮಾ, ರೊಟ್ಟಿ ಬುಟ್ಟಿ ಬಿಡವೊಲ್ಲವು. ನಿನ್ನಿ ಕೂಸಿನ ಬೆರಳ ಕಚ್ಯಾವ. ಅದನ್ನ ಮುಚ್ಚಿಬಿಡ್ರಿ" ಎಂದಳು ಸೊಸೆ.

ಅಜ್ಜ ಮುಚ್ಚಲಿಲ್ಲ. ಕೀಲಿಕೈ ಸಿಕ್ಕರೆ ಆ ಕಡೆ ಗುಡಿಸಿ, ಮೊಮ್ಮಕ್ಕಳನ್ನು ಮಲಗಿಸಬಹುದೆಂದು ಇಚಲಕರಂಜಿಗೆ ಹೋದ. ನಾನಾಗ ನಿಪ್ಪಾಣಿಯ ಕಾಲೇಜಿನಲ್ಲಿದ್ದೆ. ಅವನು ಮರಳುವಾಗ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ.

"ಕೊಟ್ಟನೇನ ಅಜ್ಜಾ, ಕೀಲಿಕೈ?"

"ಇಲ್ಲ ಬೇ. ಕೀಲಿ ತಗದ್ರ ತಮ್ಮ ಹೊಕ್ಕೋತಾನಂತ. ನಾಳೆ ಮಗ್ಗ ನಿಂತ್ರ ನಾ ಎಲ್ಲಿಗೆ ಬರ್ಲಿ ಅಂತಾನ." ಧೋತರದ ಧೂಳು ಕೊಡವಿದ. "ಅವಂದೂ ಖರೇನ. ಅಲ್ಲಿ ಒಂದ ಖೋಲ್ಯಾಗ ಎರಡ ಸಂಸಾರ ಅದಾವ. ಗ್ವಾಡಿ ಹಾಕಾಕೂ ಜಾಗಾ ಇಲ್ಲ, ನಡುವ ಸೀರಿ ಕಟ್ಟ್ಯಾರ. ಸೀರ್ಯಾಗ ಕಿಂಡಿ ಎಲ್ಲಿ ಬಿಡೂದು?"

ನಗಲು ನೋಡಿದ, ಆಗಲಿಲ್ಲ.

ಆ ಭಾನುವಾರ ಅವನು ತನ್ನ ಮನೆಯ ಕಿಂಡಿ ಮುಚ್ಚಿದ. ಗಾರೆ ಮೆತ್ತುವ ಕರಣಿ ಮುಟ್ಟಲಿಲ್ಲ. ಮಣ್ಣು ಕಲಸಿ, ಬರಿಗೈಯಲ್ಲೇ ಮೆತ್ತಿದ. ನಾನು ಬಾಗಿಲಲ್ಲಿ ನಿಂತಿದ್ದೆ. ತಿರುಗಿ ನೋಡಲಿಲ್ಲ. ಆ ಸಲದ ದಸರೆಗೆ "ಎಷ್ಟ ಉಳದಾವ?" ಎಂದು ಕೇಳಲೂ ಇಲ್ಲ.

ಮುಂದಿನ ಚಳಿಗಾಲದಲ್ಲಿ ತೀರಿಕೊಂಡ. ಹಿರಿಯ ಮಗ ಬಂದು, ಮಂದಿ ಕೂಡಲು ಜಾಗ ಬೇಕೆಂದು ತನ್ನ ಪಾಲಿನ ಕೀಲಿ ತೆಗೆದ. ಕಿರಿಯವನ ಮಕ್ಕಳು ಆ ಖಾಲಿ ಮನೆಯೊಳಗೆ ಓಡಿದವು. ಈ ಗೋಡೆಯಿಂದ ಆ ಗೋಡೆಗೆ ಕೇಕೆ ಹಾಕುತ್ತ ಓಡಿದವು. ಸಾವಿನ ಮನೆಯಾದರೂ ಯಾರೂ ಅವುಗಳನ್ನು ಗದರಿಸಲಿಲ್ಲ. ಸಂಜೆ ಹಿರಿಯವನು ಅವುಗಳನ್ನು ಒಂದೊಂದಾಗಿ ಹೊರಗೆ ಕರೆದ, ಕೀಲಿ ಹಾಕಿದ, ಕೀಲಿಕೈ ಕಿಸೆಗಿಟ್ಟುಕೊಂಡು ಬಸ್ಸು ಹತ್ತಿದ. ಕಿರಿಯವನು ಕಿಂಡಿಯ ಮಣ್ಣು ಒತ್ತಿ ನೋಡಿ, "ಇದು ತಡ್ಯಾಂಗಿಲ್ಲ, ಸಿಮೆಂಟ ಹಚ್ಚಬೇಕ" ಎಂದ.

ನಮ್ಮ ಕಾಕಾನೂ ಹೋದ ವರ್ಷ ಸಂಸಾರ ಕಟ್ಟಿಕೊಂಡು ಕೊಲ್ಹಾಪುರಕ್ಕೆ ಹೋದ. ಆ ಕಡೆ ಕೀಲಿ ಬಿದ್ದಿದೆ. ಕಿಂಡಿ ಇನ್ನೂ ತೆರೆದೇ ಇದೆ. ನಿನ್ನೆ ಅವ್ವ ಹಿಟ್ಟಿನ ಡಬ್ಬಿಯ ಸುತ್ತ ಇಲಿಯ ಹಿಕ್ಕೆ ತೋರಿಸಿದಳು. ಅಜ್ಜನ ಮಾತಿನಂತೆ, ಮುಚ್ಚಲು ಯಾರನ್ನೂ ಕರೆಯುವ ಹಾಗಿಲ್ಲ. ಅಂಗಳದಲ್ಲಿ ಮಣ್ಣು ನೆನೆ ಹಾಕಿದ್ದೇನೆ.