ಮಸ್ಕತ್ತಿನ ಹತ್ತಿರ ಇಟ್ಟ ಪುಟ

ನಮ್ಮ ಸಾವಕಾರರಿಗೆ ಬಾಯಿ ಜೋರು. ಸೋಲಾಪುರದಲ್ಲಿ ಟಾವೆಲ್, ಚಾದರ, ಶಾಲೆಯ ಯೂನಿಫಾರ್ಮ್ ಮಾರುವವರಿಗೆ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಅವರದು. ಮಾತು ಅವರದು, ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ ನನ್ನದು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಹಾಗೆ. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಶುರು: "ಜರ್ಮನಿಯವರಿಗೆ ಟಾವೆಲ್ ಮಾರಬೇಕಲ್ರಿ? ಹಂಗಾರ ನಿಮ್ಮ ಸೈಟ್ ಜರ್ಮನಿಯೊಳಗ ಇಡಬೇಕು. ಇಲ್ಲಿಟ್ಟು ಅಲ್ಲಿಯವರಿಗೆ ಕಾಣಲಿ ಅಂದ್ರ ಹೆಂಗ? ದುಕಾನ ಎಲ್ಲೈತಿ, ಗಿರಾಯಿಕ ಅಲ್ಲೇ."

ಈ ಮಾತು ಪೂರ್ತಿ ಸುಳ್ಳಲ್ಲ. ವೆಬ್‌ಸೈಟ್ ಗಾಳಿಯಲ್ಲಿ ತೇಲುವ ವಸ್ತುವಲ್ಲ. ಎಲ್ಲೋ ಒಂದು ಊರಿನ ತಣ್ಣನೆಯ ಕೋಣೆಯಲ್ಲಿ, ಸರ್ವರ್ ಎಂಬ ಯಂತ್ರದೊಳಗೆ ಕೂತಿರುತ್ತದೆ. ಆ ಯಂತ್ರ ಹತ್ತಿರವಿದ್ದರೆ ಪುಟ ಬೇಗ ತೆರೆಯುತ್ತದೆ. ಪುಟ ಯಾವ ದೇಶದವರಿಗಾಗಿ ಇದೆ ಎಂದು ಊಹಿಸಲು ಸರ್ಚ್ ಮಾಡುವ ಯಂತ್ರಗಳು ಒಂದು ಕಾಲಕ್ಕೆ ಸರ್ವರ್ ಇರುವ ಜಾಗವನ್ನೂ ನೋಡುತ್ತಿದ್ದವು. ಈಗ ಅದಕ್ಕೆ ಅಷ್ಟು ಬೆಲೆಯಿಲ್ಲ. ಪುಟ ಯಾವ ಭಾಷೆಯಲ್ಲಿದೆ, ಅದರ ಹೆಸರಿನ ತುದಿಯಲ್ಲಿ ಯಾವ ದೇಶದ ಗುರುತಿದೆ, ಆ ದೇಶದವರು ಯಾರಾದರೂ ತಮ್ಮ ಪುಟದಿಂದ ಇದಕ್ಕೆ ಲಿಂಕಿನ ಕೊಂಡಿ ಹಾಕಿದ್ದಾರೆಯೇ, ಇವೇ ದೊಡ್ಡವು. ಇದನ್ನು ಸಾವಕಾರರಿಗೆ ನಾನು ಬಿಡಿಸಿ ಹೇಳಿದ್ದೆ. "ಖರೇ ಹೇಳಿ ಯಾರ ಹೊಟ್ಟಿ ತುಂಬೈತೋ ಮಾರಾಯಾ?" ಅಂದು ಚಹಾ ತರಿಸಿದ್ದರು.

ಅವರು ಒಂದು ದಿನ ಹೀಗೆ ಭಾಷಣ ಬಿಗಿಯುತ್ತಿದ್ದಾಗ ಒಳಗಿನ ಬೆಂಚಿನ ಮೇಲೆ ನನ್ನ ಅಕ್ಕ ಕೂತಿದ್ದಳು. ಮಾತು ಅವಳ ಕಿವಿಗೆ ಬಿತ್ತು.

ಅಕ್ಕನ ಗಂಡ, ನಮ್ಮ ಭಾವ, ಸೋಲಾಪುರದಲ್ಲಿ ಯೂನಿಫಾರ್ಮ್ ಕಟಿಂಗ್ ಮಾಡುತ್ತಿದ್ದವನು. ಮಸ್ಕತ್ತಿನ ಒಂದು ಟೇಲರ್ ಅಂಗಡಿಗೆ ಹೋದ. ಮೊದಮೊದಲು ಫೋನ್ ಬರುತ್ತಿತ್ತು, ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನಂಬರು ಬಂದ್. ಅಂಗಡಿಯವರನ್ನು ಕೇಳಿದರೆ ಬಿಟ್ಟುಹೋಗಿ ಬಹಳ ದಿನವಾಯಿತು ಅಂದರು. ಎಲ್ಲೆಲ್ಲಿ ಅರ್ಜಿ ಕೊಡಬೇಕೋ ಅಲ್ಲೆಲ್ಲ ಕೊಟ್ಟೆವು. ನೋಡುತ್ತೇವೆ ಅಂದವರು ಇನ್ನೂ ನೋಡುತ್ತಲೇ ಇದ್ದಾರೆ. ಅಕ್ಕನ ಊರು ಮೈಂದರ್ಗಿಯಲ್ಲಿ ಮಾತ್ರ ಎಲ್ಲರಿಗೂ ಎಲ್ಲ ಗೊತ್ತಿತ್ತು. ಒಬ್ಬರು ಸತ್ತಿರಬೇಕು ಅಂದರು, ಇನ್ನೊಬ್ಬರು ಮತ್ತೊಂದು ಮನೆ ಮಾಡಿರಬೇಕು ಅಂದರು. ಅಕ್ಕ ಇಬ್ಬರ ಜೊತೆಗೂ ಜಗಳ ತೆಗೆದಳು. ದಿನಾ ಬಸ್ಸು ಹಿಡಿದು ಅಕ್ಕಲಕೋಟೆಗೆ ಬಂದು, ಯಾತ್ರಿಕರು ಉಣ್ಣುವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಕಾಲದಲ್ಲಿ ಅವಳು ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನಗೇ ಹೆದರಿಕೆಯಾಗುತ್ತಿತ್ತು.

"ನನಗ ಏನೂ ಬ್ಯಾಡಪಾ," ಅನ್ನುತ್ತಿದ್ದಳು ನನ್ನೆದುರು. "ಜೀವಂತ ಅದಾರೋ ಇಲ್ಲೋ, ಅಷ್ಟ ಗೊತ್ತಾಗಲಿ. ಮುಂದಿಂದು ನಾ ನೋಡ್ಕೋತೀನಿ."

ಅದಕ್ಕೇ ನಾನು ಒಂದು ಪುಟ ಮಾಡಿದ್ದೆ. ಭಾವನ ಫೋಟೋ, ಹೆಸರು, ಊರು, ಅಕ್ಕನ ನಂಬರು. ಅದರ ಕೆಳಗೆ ಒತ್ತಿದರೆ ಕೇಳುವಂತೆ ಅಕ್ಕನ ದನಿ. ಅದು ಅವಳದೇ ಹಟ. ಖಾನಾವಳಿಯ ಹಿಂದಿನ ಓಣಿಯಲ್ಲಿ ನಿಂತು ನನ್ನ ಮೊಬೈಲಿಗೆ ಹೇಳಿದಳು: "ನಾನು ಮಾತಾಡಾಕತ್ತೀನ್ರಿ. ಎಲ್ಲೇ ಇದ್ರೂ ಒಂದು ಫೋನ್ ಮಾಡ್ರಿ. ನಾ ಬೈಯೂದಿಲ್ಲ." ಬೈಯದೆ ಒಂದು ಹೊತ್ತು ಕಳೆದವಳಲ್ಲ ಅವಳು.

ಪುಟವೇನೋ ಆಯಿತು, ಆದರೆ ಮಸ್ಕತ್ತಿನಲ್ಲಿ ಯಾರಿಗೂ ಸಿಗಲಿಲ್ಲ. ಅಲ್ಲಿ ಗಾರೆ ಕೆಲಸ ಮಾಡುವ ನಮ್ಮ ಕಡೆಯ ಹನ್ನೂರಿನವನೊಬ್ಬನಿಗೆ ಹುಡುಕಿ ನೋಡಲು ಹೇಳಿದೆ. ಬೆರಳು ನೋಯುವ ತನಕ ಕೆಳಗೆ ಸರಿಸಿದರೂ ಕಾಣಲಿಲ್ಲ ಅಂದ. ಇಲ್ಲಿ ಅಕ್ಕನ ಫೋನಿನಲ್ಲಿ ಮಾತ್ರ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಬರದೆ ಏನು? ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದನ್ನೇ ಹುಡುಕುತ್ತಿದ್ದಳು. ಖಾನಾವಳಿಯ ಹೆಂಗಸರ ಕೈಲೂ ಹುಡುಕಿಸುತ್ತಿದ್ದಳು. ಪಾಪ, ಹಿಟ್ಟು ಮೆತ್ತಿದ ಕೈಯಲ್ಲೇ ಒತ್ತುತ್ತಿದ್ದರು ಅವರೂ.

ಸಾವಕಾರರ ಭಾಷಣ ಕೇಳಿದ್ದು ಇಂಥ ಹೊತ್ತಿನಲ್ಲಿ. ಗಿರಾಕಿ ಎದ್ದುಹೋದ ಕೂಡಲೇ ನನ್ನ ಮೇಲೆ ಹರಿಹಾಯ್ದಳು.

"ಅಲ್ಲೋ, ನಮ್ಮ ಪೇಜ್ ಎಲ್ಲಿಟ್ಟಿದಿ?"

"ಮುಂಬೈದಾಗ ಐತಿ."

"ಅವರು ಮಸ್ಕತ್ತಿನ್ಯಾಗ, ಪೇಜ್ ಮುಂಬೈದಾಗ! ನಿನ್ನ ತಲಿಗಿಷ್ಟು! ಟಾವೆಲ್ ಮಾರೋರಿಗೆ ಜರ್ಮನಿ, ನಿಮ್ಮಕ್ಕನಿಗೆ ಮುಂಬೈ ಏನು?"

ಅದು ಮಾರುವವರ ಮಾತು, ಜಾಗದಿಂದ ಆಗುವುದು ಕಾಲು ಭಾಗವೂ ಇಲ್ಲ, ಅಲ್ಲಿಯವರು ಯಾರಾದರೂ ಕೊಂಡಿ ಹಾಕಬೇಕು ಅಂತ ತಿಳಿಸಿ ಹೇಳಿದೆ. ಅವಳು ಕೇಳುವ ಹದದಲ್ಲಿರಲಿಲ್ಲ. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ. ನಿನಗ ಮಾಡಾಕ ಆಗೂದಿಲ್ಲ ಅಂತ ಹೇಳು, ನಿಮ್ಮ ಸಾವಕಾರರಿಗೇ ಕೇಳ್ತೀನಿ," ಅಂದಳು. ಮುಳುಗುವವರಿಗೆ ಹುಲ್ಲುಕಡ್ಡಿಯ ಅಳತೆ ಹೇಳಿ ಏನು ಪ್ರಯೋಜನ? ಮಸ್ಕತ್ತಿನಲ್ಲಿ ನಮಗೆ ಹೊಂದುವಂಥ ಸರ್ವರ್ ಸಿಗಲಿಲ್ಲ. ಪಕ್ಕದ ದೇಶವೊಂದರಲ್ಲಿ ಸಿಕ್ಕಿತು, ಪುಟವನ್ನು ಅಲ್ಲಿಗೆ ಸಾಗಿಸಿದೆ. ಹೇಳಿದಾಗ ಅಕ್ಕ ಕೇಳಿದಳು, "ಪಕ್ಕದ್ದು ಅಂದ್ರ ಎಷ್ಟ ದೂರ? ಮೈಂದರ್ಗಿಯಿಂದ ಅಕ್ಕಲಕೋಟಿ ಇದ್ದಷ್ಟ?" ಹೌದು, ಹೆಚ್ಚುಕಡಿಮೆ ಅಷ್ಟೇ ಅಂದುಬಿಟ್ಟೆ. ಅವತ್ತು ಅವಳ ಮುಖದಲ್ಲಿ ಕಂಡ ನೆಮ್ಮದಿ ನೋಡಿ ನನಗೆ ನನ್ನ ಕಸಬಿನ ಮೇಲೇ ಸಿಟ್ಟು ಬಂತು.

ಅದೇ ವಾರ ನಾನು ಪುಟಕ್ಕೆ ಇಂಗ್ಲಿಷಿನ ಜೊತೆ ಅರಬ್ಬಿಯಲ್ಲೂ ನಾಲ್ಕು ಸಾಲು ಹಾಕಿಸಿದೆ. ಅಲ್ಲಿನ ಭಾರತದ ಕೆಲಸಗಾರರು ಒಬ್ಬರಿಗೊಬ್ಬರು ಸುದ್ದಿ ಹಂಚಿಕೊಳ್ಳುವ ಒಂದು ಪುಟವಿತ್ತು. ಕೈಕಾಲು ಹಿಡಿದು ಅದರಲ್ಲಿ ನಮ್ಮ ಕೊಂಡಿ ಹಾಕಿಸಿದೆ. ಸ್ವಲ್ಪ ದಿನಕ್ಕೆ ಹನ್ನೂರಿನವನು ಫೋಟೋ ಕಳಿಸಿದ: ಮಸ್ಕತ್ತಿನಲ್ಲಿ ಭಾವನ ಹೆಸರೂ ಊರೂ ಹಾಕಿದರೆ ಮೊದಲು ಬರುವುದೇ ನಮ್ಮ ಪುಟ. ಯಾವುದರಿಂದ ಬಂತು, ಜಾಗದಿಂದಲೋ ಕೊಂಡಿಯಿಂದಲೋ, ಆಣೆ ಮಾಡು ಅಂದರೂ ನಾನು ಹೇಳಲಾರೆ. ಕೊಂಡಿಯಿಂದಲೇ ಇರಬೇಕು. ಅಕ್ಕ ಸಾವಕಾರರಿಗೆ ಹೋಳಿಗೆ ಕಟ್ಟಿಕೊಂಡು ಬಂದಳು.

ಆಮೇಲೆ ಅವಳಿಗೆ ಫೋನುಗಳು ಶುರುವಾದವು. ಮೊದಲನೆಯದು ಹೊರದೇಶದ ನಂಬರಿನದು. ಕೆಲಸ ಬಿಟ್ಟು ಓಣಿಗೆ ಓಡಿ, ಆ ಮನುಷ್ಯ ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ "ಎಸ್, ಎಸ್" ಅನ್ನುತ್ತ ನಿಂತೇ ಕೇಳಿದಳಂತೆ. ಆಮೇಲೆ ನನಗೆ ಅದೇ ನಂಬರು ಕೊಟ್ಟು, "ಜಲ್ದಿ ಮಾತಾಡು, ಭಾಳ ಸಮಾಧಾನದಿಂದ ಹೇಳಿದ, ಏನೋ ಸುದ್ದಿ ಐತಿ," ಅಂದಳು. ಮಾಡಿದೆ. ಅವನು ನಮ್ಮ ವೆಬ್‌ಸೈಟನ್ನು ಸರ್ಚಿನಲ್ಲಿ ಮೊದಲ ಸ್ಥಾನಕ್ಕೆ ತಂದುಕೊಡುತ್ತೇನೆ ಅಂದ. ಪುಟದಲ್ಲಿ ಏನಿದೆ ಎಂದು ಓದಿದ್ದೀಯೇನಯ್ಯಾ ಅಂದೆ. ಓದಿದ್ದೇನೆ ಸರ್, ಬಹಳ ಒಳ್ಳೆಯ ಉತ್ಪನ್ನ ಅಂದ. ಬಾಯಿಗೆ ಬಂದದ್ದು ಬೈದೆ. ಅಕ್ಕನಿಗೆ ಏನೆಂದು ಹೇಳುವುದು? ರಾಂಗ್ ನಂಬರ್ ಅಂದೆ. ಮುಂದೆ ಬಂದವರೆಲ್ಲರೂ ಅಂಥವರೇ. ಗಂಡನನ್ನು ಹುಡುಕುವವಳನ್ನು ಲೋಕದಲ್ಲಿ ಹುಡುಕಿಕೊಂಡು ಬಂದದ್ದು ಜಾಹೀರಾತು ಮಾರುವವರು ಮಾತ್ರ.

ಪುಟಕ್ಕೆ ಯಾವ ದೇಶದಿಂದ, ಯಾವ ಊರಿನಿಂದ ಬಂದರು, ಅವರ ಫೋನ್ ಯಾವ ಭಾಷೆಯಲ್ಲಿದೆ, ದನಿಯನ್ನು ಒತ್ತಿ ಕೇಳಿದರೋ ಇಲ್ಲವೋ, ಇಷ್ಟು ನನಗೆ ಕಾಣುತ್ತಿತ್ತು. ಯಾರು ಎಂಬುದು ಕಾಣುವುದಿಲ್ಲ. ಒಂದು ಭಾನುವಾರ ಅಕ್ಕಲಕೋಟೆಗೆ ಹೋಗಿ, ಊಟದ ಗದ್ದಲ ಇಳಿದ ಮೇಲೆ ಅಕ್ಕನ ಎದುರು ಕೂತು ಲೆಕ್ಕ ಒಪ್ಪಿಸಿದೆ. ಮಸ್ಕತ್ತಿನಿಂದ ಯಾರೋ ಒಬ್ಬರು ಶುಕ್ರವಾರ ಶುಕ್ರವಾರ ಬರುತ್ತಿದ್ದಾರೆ, ದನಿ ಕೊನೆಯ ತನಕ ಕೇಳುತ್ತಾರೆ, ಫೋನು ಕನ್ನಡದಲ್ಲಿದೆ. ಮಂಗಳೂರು ಕಡೆಯವರು ಯಾರೋ ಇರಬೇಕು, ಮರುಕಪಡುತ್ತಿದ್ದಾರೆ ಅಂದೆ.

ಅಕ್ಕ ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ನಿಮ್ಮ ಭಾವನ ಫೋನ್ ಕನ್ನಡದಾಗ ಇತ್ತಲ್ಲೋ," ಅಂದಳು. "ನೀನಽ ನಗತಿದ್ದಿ."

ನಗುತ್ತಿದ್ದೆ, ನಿಜ. ಭಾವ ಕನ್ನಡ ಸಾಲಿಯಲ್ಲಿ ಕಲಿತವನು. ಸೋಲಾಪುರದಲ್ಲಿ ನಮ್ಮವರೆಲ್ಲರ ಫೋನು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುವಾಗ ಅವನದೊಂದು ಹಾಗಿರುತ್ತಿತ್ತು. ಬ್ಯಾಟರಿ ಮುಗಿದರೂ ಕನ್ನಡದಲ್ಲೇ ಹೇಳುತ್ತಿತ್ತು. ಕನ್ನಡದ ಫೋನು ಅಲ್ಲಿ ಇನ್ನೂ ಎಷ್ಟೋ ಜನರ ಹತ್ತಿರ ಇರುತ್ತದೆ ಅಂದೆ. ಅವಳು ತಲೆ ಅಲ್ಲಾಡಿಸಿದಳು. ನನ್ನ ಮೊಬೈಲು ಕಸಿದುಕೊಂಡು ಹಿಂದಿನ ಓಣಿಗೆ ಹೋದಳು. ಹೊಸದಾಗಿ ಹೇಳಿಕೊಂಡು ಬಂದಳು: "ನೀವಽ ಆಗಿದ್ರ ಇದನ್ನ ಎರಡು ಸಲ ಕೇಳ್ರಿ. ಮತ್ತೇನೂ ಬ್ಯಾಡ. ಯಾರಿಗೂ ಹೇಳೂದಿಲ್ಲ."

ಹಳೆಯದನ್ನು ತೆಗೆದು ಇದನ್ನು ಹಾಕಿದೆ. ಶುಕ್ರವಾರ ಬಂತು. ಮಸ್ಕತ್ತಿನಿಂದ ಅದೇ ಕನ್ನಡದ ಫೋನು ಪುಟಕ್ಕೆ ಬಂತು. ಒಂದು ಸಲ ಕೇಳಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಇನ್ನೊಂದು ಸಲ ಕೇಳಿತು.

ನಾನು ಅಂಗಡಿಯಲ್ಲೇ ಅತ್ತೆ. ಸಾವಕಾರರು ಏನಾಯಿತೋ ಅಂದರು, ಹೇಳಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು "ಅವ್ವಾ" ಅಂದಳು, ಅಷ್ಟೇ. ಅವತ್ತು ಖಾನಾವಳಿಯಲ್ಲಿ ಎಲ್ಲರಿಗೂ ತನ್ನ ಖರ್ಚಿನಲ್ಲಿ ಪೇಢೆ ಹಂಚಿದಳಂತೆ, ಯಾಕೆ ಎಂದು ಮಾತ್ರ ಹೇಳಲಿಲ್ಲವಂತೆ.

ಮುಂದಿನ ಶುಕ್ರವಾರವೂ ಎರಡು ಸಲ. ಅದರ ಮುಂದಿನದೂ. ಫೋನು ಬರಲಿಲ್ಲ. ಒಂದು ಅಕ್ಷರದ ಸುದ್ದಿ ಬರಲಿಲ್ಲ. ಜೀವಂತ ಇದ್ದಾನೆ ಎಂದು ಗೊತ್ತಾದರೆ ಸಾಕು ಅನ್ನುತ್ತಿದ್ದವಳು ದಿನದಿಂದ ದಿನಕ್ಕೆ ಇಳಿದುಹೋದಳು. ಸತ್ತಿರಬಹುದು ಎಂಬ ಹೆದರಿಕೆಯಲ್ಲಿ ಅವಳು ಕಲ್ಲಿನ ಹಾಗಿದ್ದಳು. ಬದುಕಿದ್ದಾನೆ, ತನ್ನ ದನಿ ಕೇಳುತ್ತಾನೆ, ಕೇಳಿ ಸುಮ್ಮನಾಗುತ್ತಾನೆ ಎಂಬುದು ಅವಳನ್ನು ಪುಡಿ ಮಾಡಿತು. ಅವನಿಗೆ ಅಲ್ಲಿ ಏನಾಗಿತ್ತೋ, ನಾಚಿಕೆಯೋ, ಮತ್ತೊಂದು ಮನೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೂ ಕ್ಷಮಿಸುವವನಲ್ಲ ನಾನು.

ಒಂದು ಸಂಜೆ ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ, ಮೈಂದರ್ಗಿಯ ಬಸ್ಸು ಎದುರು ನಿಂತಿರುವಾಗಲೇ, ನನ್ನ ಅಂಗಿ ಹಿಡಿದು ಅಂದಳು: "ಎರಡು ಸಲ ಒತ್ತಾಕ ಬೆರಳ ಅದಾವು, ಒಂದು ಫೋನ್ ಮಾಡಾಕ ಇಲ್ಲೇನು ಅವರಿಗೆ? ಆ ಪೇಜ್ ಹೊಳ್ಳಿ ಇಲ್ಲೇ ತಂದಿಡು. ಇನ್ನ ಅವರಿಗೆ ಕಾಣಬಾರ್ದು."

"ಅಕ್ಕಾ, ಇಲ್ಲಿ ತಂದಿಟ್ರೂ ಅಲ್ಲಿ ಕಾಣತೈತಿ. ಜಾಗಾ ಬದಲಿ ಮಾಡಿದ್ರ ಏನೂ ಆಗೂದಿಲ್ಲ. ಅವತ್ತಽ ಹೇಳಿದ್ನೆಲ್ಲ."

"ಮತ್ತ ಏನ್ ಮಾಡಬೇಕು?"

"ಪೂರ್ತಿ ಅಳಸಬೇಕು."

"ಅಳಸು."

ಯೋಚನೆ ಮಾಡಕ್ಕ ಅಂದೆ. ನಿನಗೆ ಅಕ್ಕ ಬೇಕೋ ಪೇಜ್ ಬೇಕೋ ಅಂದಳು. ಕಂಡಕ್ಟರ್ ಸೀಟಿ ಊದಿದ, ಹತ್ತಿ ಹೋದಳು. ಸೋಲಾಪುರಕ್ಕೆ ಬಂದು ಅಳಿಸಿದೆ. ಫೋಟೋ, ಹೆಸರು, ದನಿ ಎಲ್ಲ ಹೋಯಿತು. ಬಂದವರನ್ನು ಎಣಿಸುವ ಲೆಕ್ಕವೂ ಅದರ ಜೊತೆಗೇ ಹೋಯಿತು.

ಮುಂದಿನ ಶುಕ್ರವಾರ ಮಧ್ಯಾಹ್ನ ಅವಳ ಫೋನ್ ಬಂತು. ಹಿಂದೆ ತಾಟುಗಳ ಸದ್ದು.

"ಇವತ್ತ ಬಂದಿದ್ರೇನು?"

"ಎಲ್ಲಿಗೆ ಬರತಾರಕ್ಕ? ಪೇಜಽ ಇಲ್ಲ."

"ಬಂದು, ಇಲ್ಲ ಅಂತ ನೋಡಿ ಹೊಳ್ಳಿ ಹೋಗಿದ್ರ? ಅದಾದ್ರೂ ಗೊತ್ತಾಗತೈತಿಲ್ಲ?"

"ಇಲ್ಲಕ್ಕ. ಬಂದ್ರೂ ಗೊತ್ತಾಗೂದಿಲ್ಲ, ಸತ್ರೂ ಗೊತ್ತಾಗೂದಿಲ್ಲ ಇನ್ನ."

ಆ ಮಾತು ನನ್ನ ಬಾಯಿಂದ ಯಾಕೆ ಬಂತೋ. ಯಾರೋ ಅವಳನ್ನು ರೊಟ್ಟಿಗೆ ಕೂಗುತ್ತಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

"ನಾ ಅಳಸು ಅಂದ್ನಿ ಅಂತ ನೀ ಯಾಕ ಅಳಸಿದಿ?"