ಹಡಗಿನಲ್ಲಿ ಮೊದಲ ಪಂಕ್ತಿ

ಹಡಗಿನಲ್ಲಿ ಹೋಗಿ ಬಂದವಳು ಅಂತ ಗೊತ್ತಾದ ಮೇಲೆ ಸಂಪಾಜೆಯಲ್ಲಿ ನನಗೊಂದು ಹೊಸ ಉದ್ಯೋಗ ಸಿಕ್ಕಿದೆ. ಮಗಳು ಟಿಕೆಟ್ ತೆಗೆಸಿದಳು, ಅಳಿಯ ಬುಕ್ ಮಾಡಿದ ಅಂತ ಯಾರಾದರೂ ಫೋನು ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಸಮುದ್ರ ಹೇಗಿತ್ತು, ಹೊಟ್ಟೆ ತೊಳಸಿತಾ ಅಂತ ಕೇಳುವವರು ಕಡಿಮೆ. ಹೆಚ್ಚಿನವರದು ಒಂದೇ ಪ್ರಶ್ನೆ. "ಟೀಚರೇ, ಎಕ್ಸ್‌ಟ್ರಾ ದುಡ್ಡು ಕೊಟ್ರೆ ಕ್ಯೂ ಇಲ್ದೆ ಮೊದಲು ಹತ್ತಬಹುದಂತೆ, ಬೇರೆ ಹಾಲ್‌ನಲ್ಲಿ ಊಟವಂತೆ. ತಗೋಬಹುದಾ, ದಂಡವಾ?"

ನಾನು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಕೇಳಿದ್ದಕ್ಕೆ ಹೌದು ಅಥವಾ ಅಲ್ಲ ಅಂದುಬಿಟ್ಟರೆ ನನಗೆ ಸಮಾಧಾನ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೆ ಈ ಒಂದು ಪ್ರಶ್ನೆಗೆ ನಾನೇ ಹಾಗೆ ಮಾತಾಡುತ್ತೇನೆ. ಸರಿಯಾಗಿ ಹೇಳಬೇಕಾದರೆ ನನ್ನ ಅಕ್ಕನಿಂದ ಶುರು ಮಾಡಬೇಕು.

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಯಾದವರು. ಅಕ್ಕನನ್ನು ನೆಲ್ಯಹುದಿಕೇರಿಯ ಹತ್ತಿರದ ಒಂದು ತುಂಬಿದ ಮನೆಗೆ ಹಿರಿಯ ಸೊಸೆಯಾಗಿ ಕೊಟ್ಟರು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಬೇಕಾದಷ್ಟು ಜನ. ಈಗ ಮೈದುನಂದಿರೆಲ್ಲ ಬೇರೆ ಬೇರೆ ಒಲೆ ಹೂಡಿದ್ದಾರೆ. ಆದರೂ ನಾಮಕರಣವಾಗಲಿ, ತಿಥಿಯಾಗಲಿ, ಅಕ್ಕ ಸೆರಗು ಸಿಕ್ಕಿಸಿ ನಿಲ್ಲದೆ ಅಲ್ಲಿ ಯಾರ ಮನೆಯ ಕೆಲಸವೂ ಏಳುವುದಿಲ್ಲ. ಎಲ್ಲರದೂ ಆದ ಮೇಲೆ, ಕೊನೆಯ ಪಂಕ್ತಿಯಲ್ಲಿ ಅವಳ ಊಟ. ಅವಳು ಬಿಸಿ ಅನ್ನ ಉಂಡದ್ದನ್ನು ಮದುವೆಯಾದ ಮೇಲೆ ನಾನು ನೋಡಿಯೇ ಇರಲಿಲ್ಲ.

ಆ ಮನೆಯಲ್ಲಿ ಮೊದಲ ಪಂಕ್ತಿಗೆ ಒಂದು ಕ್ರಮವಿದೆ. ಎಲೆ ಹಾಕಿದ ಮೇಲೆ ಅಕ್ಕನ ದೊಡ್ಡ ಮೈದುನ ಶಾಮಿಯಾನದ ಕಂಬ ಹಿಡಿದುಕೊಂಡು ಕೂಗುತ್ತಾನೆ. "ಬಸ್ಸಿರೋರು ಮೊದಲು ಕೂತ್ಕಳಿ. ಶುಗರಿನೋರು, ಮಕ್ಕಳನ್ನ ಎತ್ಕೊಂಡೋರು ಕೂತ್ಕಳಿ. ಕಾರಲ್ಲಿ ಬಂದೋರು ಆಮೇಲೆ." ದೊಡ್ಡ ಎಸ್ಟೇಟಿನ ಯಜಮಾನರಾದರೂ ಜೀಪಿಗೆ ಒರಗಿ ಕಾಯಬೇಕು, ಕಾಯುತ್ತಾರೆ. ನನಗೆ ಯಾವಾಗಲೂ ಬಸ್ಸು. ಅಲ್ಲಿಂದ ಮಡಿಕೇರಿ, ಮಡಿಕೇರಿಯಲ್ಲಿ ಮಂಗಳೂರಿನ ಬಸ್ಸು ಹಿಡಿದು ಘಾಟಿ ಇಳಿಯಬೇಕು. ಅದಕ್ಕೆ ಅಕ್ಕ ಮೊದಲ ಸಾಲಿನ ಒಂದು ಎಲೆಯ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ ಇಡುತ್ತಿದ್ದಳು. ಆ ಲೋಟ ಕಂಡರೆ ಅದು ತಂಗಿಯ ಜಾಗ ಅಂತ ಊರಿಗೇ ಗೊತ್ತು. ತಾನೇ ಬಂದು ಎರಡು ಸಲ ಪಾಯಸ ಬಡಿಸಿ, "ಬೇಗ ತಿನ್ನೇ, ಬಸ್ಸು ತಪ್ಪುತ್ತೆ" ಅನ್ನುವಳು. ನಾನು ಗಬಗಬ ಉಂಡು, ಕೈ ತೊಳೆದು, ಅವಳು ಕಟ್ಟಿಕೊಟ್ಟ ಪೊಟ್ಟಣ ಹಿಡಿದು ಓಡುತ್ತಿದ್ದೆ. ಎದ್ದು ಹೊರಡುವಾಗ ಬೆನ್ನ ಹಿಂದೆ ಎರಡನೇ ಪಂಕ್ತಿಯವರು ಎಲೆ ಎತ್ತುವುದನ್ನೇ ಕಾಯುತ್ತಿರುತ್ತಿದ್ದರು.

ಹಡಗಿನ ಯೋಚನೆ ಬಂದದ್ದು ನನ್ನ ಯಜಮಾನರಿಗೆ. ಟಿಕೆಟಿನ ಮಾತು ಬಂದಾಗ ಹಿಂದೆ ಸರಿದವರೂ ಅವರೇ. ಸಂಪಾಜೆ ಘಾಟಿಯ ತಿರುವುಗಳೇ ತಮ್ಮ ಹೊಟ್ಟೆಗೆ ಸಾಕು, ಅಲೆಯ ಸಹವಾಸ ಬೇಡ ಅಂದರು. ಹಾಗಾಗಿ ಅಕ್ಕನನ್ನು ಹೊರಡಿಸಿದೆ. ಕೊಚ್ಚಿಯಿಂದ ಹೊರಟು ಲಕ್ಷದ್ವೀಪದ ಕಡೆ ಸುತ್ತಿ ಮತ್ತೆ ಕೊಚ್ಚಿಗೇ ಬರುವ ಹಡಗು. ಮಡಿಕೇರಿಯ ಟ್ರಾವೆಲ್ಸಿನ ಹುಡುಗಿ, "ಇನ್ನೂ ಸ್ವಲ್ಪ ಸೇರಿಸಿದ್ರೆ ಪ್ರಯಾರಿಟಿ ಸಿಗುತ್ತೆ ಮೇಡಂ. ಮೊದಲು ಹತ್ತಬಹುದು. ಊಟಕ್ಕೂ ಸ್ಪೆಷಲ್ ಹಾಲ್, ಅಲ್ಲಿಗೆ ಬೇರೆ ಯಾರನ್ನೂ ಬಿಡಲ್ಲ" ಅಂದಳು. ಬೇರೆ ದಿನವಾಗಿದ್ದರೆ ಅವಳ ಜೊತೆ ಚೌಕಾಸಿ ಮಾಡುತ್ತಿದ್ದೆ. ಅವತ್ತು ಮರುಮಾತಿಲ್ಲದೆ ಹೂಂ ಅಂದೆ. ಒಂದು ಸಲವಾದರೂ ಅಕ್ಕ ಮೊದಲ ಪಂಕ್ತಿಯಲ್ಲಿ ಕೂತು, ಆರುವ ಮುಂಚೆ ಊಟ ಮಾಡಬೇಕು, ಅದನ್ನು ನಾನು ಎದುರಿಗೆ ಕೂತು ನೋಡಬೇಕು. ನನಗೆ ಆ ಹಡಗಿನಿಂದ ಬೇಕಾಗಿದ್ದದ್ದು ಅಷ್ಟೇ.

ಕೊಚ್ಚಿಯ ಬಂದರಿನಲ್ಲಿ ಜನವೋ ಜನ. ಒಂದು ಕಡೆ ಹಗ್ಗ ಕಟ್ಟಿ ಸುತ್ತಿ ಸುತ್ತಿ ನಿಲ್ಲಿಸಿದ ಉದ್ದ ಸಾಲು, ಪಕ್ಕದಲ್ಲಿ ನಮ್ಮ ಖಾಲಿ ದಾರಿ. ಅಕ್ಕ ಹೆಜ್ಜೆ ಕೀಳಲಿಲ್ಲ. ಉದ್ದ ಸಾಲಿನಲ್ಲಿ ಕೋಲೂರಿದ ಒಬ್ಬ ಅಜ್ಜಿಯೂ, ಹಸುಗೂಸಿನ ತಾಯಿಯೂ ಅವಳ ಕಣ್ಣಿಗೆ ಬಿದ್ದಿದ್ದರು.

"ಅವ್ರನ್ನ ಬಿಟ್ಟು ನಾವ್ಯಾಕೆ ಮುಂದೆ?"

"ದುಡ್ಡು ಕೊಟ್ಟಿದೀವಿ ಅಕ್ಕ."

"ದುಡ್ಡು ಕೊಟ್ರೆ ಅವ್ರ ಕಾಲು ನೋವು ನಮಗೆ ಬರುತ್ತಾ?"

ಕೈ ಹಿಡಿದು ಎಳೆದುಕೊಂಡೇ ಹೋದೆ. ಒಳಗೆ ಹೋದರೆ ನಮ್ಮ ರೂಮಿನ್ನೂ ತಯಾರಾಗಿರಲಿಲ್ಲ. ಚೀಲ ಕಾಲ ಬುಡದಲ್ಲಿಟ್ಟುಕೊಂಡು ಸೋಫಾದಲ್ಲಿ ಕೂತೆವು. ಉದ್ದ ಸಾಲಿನವರೂ ಒಬ್ಬೊಬ್ಬರೇ ಬಂದು ಪಕ್ಕದ ಸೋಫಾಗಳಲ್ಲಿ ಕೂತರು. ಕೋಲಿನ ಅಜ್ಜಿ ಬಂದು ಅಕ್ಕನ ಪಕ್ಕದಲ್ಲೇ ಕೂತಾಗ ಅಕ್ಕ ನನ್ನ ಮುಖ ನೋಡಿದಳು. ಮೊದಲು ಹತ್ತಿದವರಿಗಾಗಿ ಹಡಗೇನೂ ಮೊದಲು ಹೊರಡಲಿಲ್ಲ. ಆದ್ದರಿಂದ ಜಗಲಿಗೆ ಬಂದವರಿಗೆ ಅಷ್ಟು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಮಂಡಿ ನೋವಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಅದು ಬೇಗ ಹೋಗಿ ಕಾಯುವುದಕ್ಕೆ ಕೊಡುವ ದುಡ್ಡು.

ಊಟದ ಹಾಲು ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಕೆಲವೇ ಟೇಬಲ್ಲು, ಬಿಳಿ ಬಟ್ಟೆ, ಕಿಟಕಿಯ ತುಂಬ ಸಮುದ್ರ. ನಮ್ಮ ಟೇಬಲ್ಲಿಗೆ ನರೆತ ಮೀಸೆಯ ಮಲಯಾಳಿ ಸಪ್ಲೈಯರ್. ಹೊಗೆಯಾಡುವ ಸೂಪು ತಂದಿಟ್ಟರು. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕುಡಿ ಅಕ್ಕ, ಆರುತ್ತೆ."

"ಇರೇ, ಎಲ್ರಿಗೂ ಬಡಿಸಲಿ."

ಇದು ಪಂಕ್ತಿಯಲ್ಲ, ಅವರವರ ಟೇಬಲ್ ಅವರವರದು ಅಂತ ವಿವರಿಸಿದೆ. "ಒಂದೇ ಚಾವಣಿ, ಒಂದೇ ಅಡುಗೆ, ಒಂದೇ ಹೊತ್ತು. ಪಂಕ್ತಿ ಅಲ್ದೆ ಇನ್ನೇನು?" ಅಂದಳು. ಬಾಗಿಲಿನಿಂದ ಹೊಸಬರು ಬರುತ್ತಲೇ ಇದ್ದರು. ಅವರಿಗೆ ಬಡಿಸುವಷ್ಟರಲ್ಲಿ ಮತ್ತಿಬ್ಬರು. ಕೊನೆಗೆ ಸೂಪು ತಣ್ಣಗಾಗಿ ಮೇಲೆ ಕೆನೆ ಕಟ್ಟಿದ ಮೇಲೆ ಅಕ್ಕ ಚಮಚ ಎತ್ತಿದಳು. ಅನ್ನಕ್ಕೂ ಅದೇ ಗತಿ.

ಅದಕ್ಕಿಂತ ದೊಡ್ಡ ಫಜೀತಿ ಏಳುವಾಗ. ಊಟ ಮುಗಿಸಿ ನಾನು ಕುರ್ಚಿ ಹಿಂದಕ್ಕೆ ಸರಿಸಿದರೆ ಅಕ್ಕ ನನ್ನ ಸೆರಗು ಹಿಡಿದಳು. "ಅಲ್ಲಿ ಆ ಯಜಮಾನ್ರು ಇನ್ನೂ ಉಣ್ತಾವ್ರೆ." ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಇನ್ನೊಬ್ಬರು ಎದ್ದರೆ ಅವರ ಊಟಕ್ಕೆ ಅವಮಾನ ಮಾಡಿದ ಹಾಗೆ. ಮೂಲೆಯ ಟೇಬಲ್ಲಿನ ಆ ವಯಸ್ಸಾದವರು ಊಟ ಆಗಲೇ ಮುಗಿಸಿ ಹೆಂಡತಿಯ ಜೊತೆ ಮಾತಾಡುತ್ತ ವೈನು ಗುಟುಕರಿಸುತ್ತಿದ್ದರು. ಖಾಲಿ ತಟ್ಟೆ ಮುಂದಿಟ್ಟುಕೊಂಡು ಕದಲದೆ ಕೂತ ನಮ್ಮನ್ನು ಕಂಡ ಮೀಸೆಯವರು, ಪಾಪ, ಇನ್ನೂ ಹಸಿವಿರಬೇಕು ಅಂದುಕೊಂಡು ಐಸ್‌ಕ್ರೀಮ್ ತಂದರು. ಬಡಿಸಿದ್ದನ್ನು ಬಿಡುವುದು ಅಕ್ಕನ ಜಾಯಮಾನವಲ್ಲ, ತಿಂದಳು. ಪೂರ್ತಿ ತಿಂದದ್ದು ನೋಡಿ ಹಣ್ಣು ತಂದರು. ಅದೂ ಹೋಯಿತು. ಕೇಕು ಬಂತು. ಇಷ್ಟರಲ್ಲಿ ನಾವು ಇನ್ನೂ ಕೂತಿರುವುದು ಕಂಡು ಆ ಯಜಮಾನರು ಇನ್ನೊಂದು ಗ್ಲಾಸು ತರಿಸಿಕೊಂಡರು. ಅಂತೂ ಅವರು ಎದ್ದ ಕೂಡಲೇ ಅಕ್ಕನೂ ಎದ್ದು ಅವರಿಗೆ ಕೈ ಮುಗಿದಳು. ಅವರು ಯಾಕೆ ಏನು ತಿಳಿಯದೆ ತಾವೂ ಬಗ್ಗಿ ಕೈ ಮುಗಿದರು. ಅಕ್ಕ ಆ ರಾತ್ರಿಯೆಲ್ಲ ಜೀರಿಗೆ ಅಗಿಯುತ್ತ ಮಲಗಿದ್ದಳು.

ಮರುದಿನವೂ ಅದೇ ಕತೆ. ಜೊತೆಗೆ ತಿನ್ನುವಾಗ ಮತ್ತೆ ಮತ್ತೆ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದಳು. ಏನು ಅಂತ ಕೇಳಿದೆ.

"ಬೆನ್ನ ಹಿಂದೆ ಜನ ನಿಂತವ್ರೆ ಕಣೇ. ಹೆಂಗೆ ಗಂಟಲಲ್ಲಿ ಇಳೀಬೇಕು?"

ಗೋಡೆಗೆ ಒರಗದೆ, ಕೈ ಕಟ್ಟಿಕೊಂಡು ಸಪ್ಲೈಯರುಗಳು ನಿಂತಿದ್ದರು. ಅದು ಅವರ ಕೆಲಸ ಅಂದೆ. ಅಕ್ಕ ನನ್ನನ್ನು ಬಿಟ್ಟು ಮೀಸೆಯವರನ್ನು ಕರೆದು, "ಊಣು ಕಳಿಞ್ಞೋ?" ಅಂತ ಕೇಳಿದಳು. ನೆಲ್ಯಹುದಿಕೇರಿಯಲ್ಲಿ ಬೇಲಿಯಾಚೆಯವರ ಜೊತೆ, ಕಾಫಿ ಪಿಕ್ಕಿಂಗಿಗೆ ಬರುವವರ ಜೊತೆ ಆಡಿ ಆಡಿ ಕಲಿತ ಮಲಯಾಳ. ಊಟ ಆಯಿತಾ ಅಂತ ಆ ಹಾಲಿನಲ್ಲಿ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ. ಒಂದು ಗಳಿಗೆ ತಬ್ಬಿಬ್ಬಾಗಿ, ಇಲ್ಲ ಚೇಚಿ, ನಿಮ್ಮೆಲ್ಲರದೂ ಆಗಬೇಕು ಅಂದರು. ಅಕ್ಕ ತಟ್ಟೆಯಲ್ಲಿದ್ದದ್ದನ್ನು ಬೇಗ ಬೇಗ ಮುಗಿಸತೊಡಗಿದಳು.

ರೂಮಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ನಿನಗೆ ಸುಖಪಡೋಕೇ ಬರಲ್ಲ. ಕೂರಿಸಿ ಬಡಿಸಿದ್ರೂ ಬರಲ್ಲ" ಅಂದುಬಿಟ್ಟೆ. ಅಕ್ಕ ಸೀರೆ ಮಡಚುತ್ತ ಕೂತಳು. ಅವಳಿಗೊಂದು ಬಿಸಿ ತುತ್ತು ಉಣ್ಣಿಸಬೇಕು ಅಂತ ಅಷ್ಟು ದೂರ ಕರಕೊಂಡು ಬಂದು ಬೈಗಳು ತಿನ್ನಿಸಿದೆನಲ್ಲ ಅಂತ ನನಗೆ ಅಳು ಬಂತು. ಮರುದಿನ ಮಧ್ಯಾಹ್ನದ ಒಂದು ಊಟ ಉಳಿದಿತ್ತು, ಅದಾದರೆ ಮುಗಿಯಿತು.

ಆ ಮಧ್ಯಾಹ್ನ ನಾನು ಊಟದ ಹಾಲು ತೆರೆಯುವ ಹೊತ್ತಿಗೇ ತಯಾರಾದೆ. ಅಕ್ಕ ಮೇಲಿನ ಡೆಕ್ಕಿನ ಬೆಂಚಿನಲ್ಲಿ ಕೂತು ನೀರು ನೋಡುತ್ತಿದ್ದಳು. ಕರೆದರೆ, "ಇರೇ, ಹೋಗಣ" ಅಂದಳು. ಇನ್ನೊಮ್ಮೆ ಕರೆದೆ, ಅದೇ ಉತ್ತರ. ಮೊದಲು ಹೋಗಿ ಕೂರಲೆಂದೇ ದುಡ್ಡು ಕಟ್ಟಿ, ಕೊನೆಗೆ ಹೋಗಲು ಕಾಯುತ್ತಿರುವ ನಮ್ಮಂಥವರು ಆ ಹಡಗಿನಲ್ಲಿ ಇನ್ನಾರೂ ಇರಲಿಕ್ಕಿಲ್ಲ. ಬಾಗಿಲು ಹಾಕಿಯೇ ಬಿಡುತ್ತಾರೆ ಅನ್ನುವಾಗ ಅವಳು ಸೀರೆ ಕೊಡವಿಕೊಂಡು ಎದ್ದಳು.

ನಾವು ಹೋದಾಗ ಕೊನೆಯ ಟೇಬಲ್ಲಿನವರು ಏಳುತ್ತಿದ್ದರು. ಗೋಡೆಯ ಪಕ್ಕ ಯಾರೂ ನಿಂತಿರಲಿಲ್ಲ. ಊಟ ಮುಗಿಸಿ ಬಂದ ಇಬ್ಬರು ದೂರದ ಮೂಲೆಯಲ್ಲಿ ಕೂತು ಸಂಜೆಗೆ ಬೇಕಾದ ಟೇಬಲ್ಲಿನ ಬಟ್ಟೆ ಮಡಚುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ಅಕ್ಕ ಮೀಸೆಯವರನ್ನು ಮತ್ತೆ ಅದೇ ಪ್ರಶ್ನೆ ಕೇಳಿದಳು. ಇವತ್ತು ಅವರು ಹೊಟ್ಟೆ ಸವರಿಕೊಂಡು, ಆಯಿತು ಚೇಚಿ, ಇನ್ನು ನೀವೇ ಕೊನೆ ಅಂದರು.

ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮನೆಯಲ್ಲಿ ಕೂರುವ ಹಾಗೆ ಒಂದು ಕಾಲು ಮೇಲೆ ಮಡಚಿಕೊಂಡಳು. ಅನ್ನ, ಮೀನು ಸಾರು ಬಂತು. ಅವರು ತಟ್ಟೆಯಿಂದ ಕೈ ತೆಗೆಯುವ ಮುಂಚೆಯೇ ಅಕ್ಕ ಅನ್ನಕ್ಕೆ ಕೈ ಹಾಕಿದಳು. ಬೆರಳು ಸುಟ್ಟಿತು. ಊದಿಕೊಂಡು, ಸಾರು ಕಲಸಿ, ದೊಡ್ಡ ತುತ್ತು ಬಾಯಿಗಿಟ್ಟಳು. ಅನ್ನದಿಂದ ಹೊಗೆ ಏಳುತ್ತಿತ್ತು. ನಾನು ನೋಡಬೇಕು ಅಂದುಕೊಂಡಿದ್ದದ್ದು ಅದನ್ನೇ. ಸಂಕಟವೋ ಸಂತೋಷವೋ ತಿಳಿಯದೆ ತಲೆ ತಗ್ಗಿಸಿ ನಾನೂ ಉಣ್ಣತೊಡಗಿದೆ, ಅಭ್ಯಾಸದಂತೆ ಗಬಗಬನೆ.

ಅಕ್ಕ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ನಿಧಾನಕ್ಕೆ ಉಣ್ಣೇ. ಇವತ್ತು ನಿಂಗೆ ಬಸ್ಸಿಲ್ಲ."

ನಾನು ತುತ್ತು ಹಿಡಿದುಕೊಂಡೇ ಅವಳನ್ನು ನೋಡಿದೆ.

"ಕೊನೆ ಪಂಕ್ತಿಲಿ ನಾವು ಎಷ್ಟು ನಗಾಡ್ತೀವಿ ಅಂತ ನಿಂಗೆ ಗೊತ್ತಾ? ಸಾರಿನ ಪಾತ್ರೆನೇ ಪಕ್ಕಕ್ಕಿಟ್ಕೊಂಡು ಕೂತ್ಕತೀವಿ. ಹಿಂದೆ ಯಾರೂ ಕಾಯ್ತಿರಲ್ಲ. ಹಪ್ಪಳ ಮುಗಿದಿರುತ್ತೆ, ಇದ್ದಿದ್ದನ್ನ ಮುರ್ಕೊಂಡು ಹಂಚ್ಕೊಳ್ಳೋದು. ಕೈ ಒಣಗೋವರೆಗೂ ಮಾತು. ಪ್ರತಿ ಸಲನೂ ಅನ್ಕೊತೀನಿ, ಇವಳೊಬ್ಳು ಇರಬೇಕಿತ್ತು ಅಂತ. ಅಷ್ಟೊತ್ತಿಗೆ ನೀನು ಘಾಟಿ ಇಳೀತಿರ್ತೀಯ."

ಕೊನೆಯ ಪಂಕ್ತಿ ಅಂದರೆ ಅವಳ ಪಾಲಿಗೆ ಬಿದ್ದ ಶಿಕ್ಷೆ ಅಂತ ಇಷ್ಟು ವರ್ಷ ನಾನು ಮರುಗಿದ್ದೆ. ನನ್ನ ಮೊದಲ ಪಂಕ್ತಿಯನ್ನು ನೋಡಿ ಅವಳು ಮರುಗಿದ್ದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವಳ ಮದುವೆಯಾದಾಗಿನಿಂದ ಯಾವ ಕಾರ್ಯದ ಮನೆಯಲ್ಲೂ ಒಟ್ಟಿಗೆ ಕೂತು ಉಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಸಾರು ಖಾರ ಅಂದೆ. ಖಾರ ಇರಲಿಲ್ಲ. ಆಮೇಲೆ ನಾವು ಅಮ್ಮನ ಕೈಯ ಸಾರಿನಿಂದ ಶುರು ಮಾಡಿ ಏನೇನೋ ಮಾತಾಡಿದೆವು. ಮಾತಿನ ನಡುವೆ ಇಬ್ಬರ ಕೈಯೂ ಒಣಗಿತು. ಮೀಸೆಯವರು ಬಂದು ಎಬ್ಬಿಸಲಿಲ್ಲ.

ಹೀಗಾಗಿ ಊಟದ ಹಾಲಿನ ಬಗ್ಗೆ ಕೇಳಿದರೆ ನಾನು ತಡವರಿಸುತ್ತೇನೆ. ಮೊದಲು ಕೂರಲು ಕಟ್ಟಿದ ದುಡ್ಡು ದಂಡವೇ. ಆದರೆ ಆ ಖಾಲಿ ಹಾಲೂ ಅದೇ ದುಡ್ಡಿನಲ್ಲಿ ಸಿಕ್ಕಿದ್ದು, ಅದನ್ನು ದಂಡ ಅನ್ನಲಾರೆ. ಜೊತೆಗೆ ಯಾರು ಬರ್ತಾರೆ ಅಂತ ಕೇಳುತ್ತೇನೆ. ಟೀಚರಿಗೆ ವಯಸ್ಸಾಯಿತು ಅಂದುಕೊಂಡು ಅವರು ಎದ್ದು ಹೋಗುತ್ತಾರೆ.

ಮೊನ್ನೆ ಅಕ್ಕನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ ಇತ್ತು. ಶಾಮಿಯಾನದ ಕಂಬ ಹಿಡಿದು ಮೈದುನ ಕೂಗಿದ, "ಬಸ್ಸಿರೋರು ಮೊದಲು ಕೂತ್ಕಳಿ." ಮೊದಲ ಸಾಲಿನ ಎಲೆಯೊಂದರ ಮೇಲೆ ಲೋಟ ಬೋರಲು ಬಿದ್ದಿತ್ತು. ನಾನು ಹೋಗಿ ಅದನ್ನು ಎತ್ತಿ, ಪಾಲಿಬೆಟ್ಟದ ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದ ಒಬ್ಬ ಹೆಂಗಸನ್ನು ಅಲ್ಲಿ ಕೂರಿಸಿದೆ. ಸೆರಗು ಸಿಕ್ಕಿಸಿ, ಉಪ್ಪಿನ ಬಟ್ಟಲು ತೆಗೆದುಕೊಂಡು ಸಾಲಿನ ತುದಿಯಿಂದ ಬಡಿಸಲು ಶುರು ಮಾಡಿದೆ. ಅಡುಗೆ ಮನೆಯ ಬಾಗಿಲಲ್ಲಿ ಪಾಯಸದ ಸೌಟು ಹಿಡಿದ ಅಕ್ಕ ನಿಂತುಬಿಟ್ಟಿದ್ದಳು.

"ಬಸ್ಸು?" ಅಂದಳು.

"ಹೋಗ್ಲಿ ಬಿಡು" ಅಂದೆ.